ಜೇಬಿನಲ್ಲಿ ಉಳಿದ ಫ್ಯೂಸ್

ಮಾರ್ಚ್ 9

ಅಣ್ಣ,

ಅದಕ್ಕಿಂತ ಮುಂಚೆ, ಎಂದೇ ಅಲ್ಲವೇ ಅಮ್ಮ ಕೇಳುತ್ತಿದ್ದದ್ದು? ಅಥವಾ 'ಅದಕ್ಕೂ ಮೊದಲು' ಎಂದೋ? ನೀನು ನನ್ನ ಜಡೆ ಎಳೆದೆ ಎಂದು ದೂರು ಒಯ್ದರೆ 'ಅದಕ್ಕಿಂತ ಮುಂಚೆ?' ಎನ್ನುತ್ತಿದ್ದಳು. 'ಅವನ ಪೆನ್ಸಿಲ್ ಮುರಿದೆ' ಎನ್ನುತ್ತಿದ್ದೆ. 'ಅದಕ್ಕಿಂತ ಮುಂಚೆ?' 'ಅವನು ನನ್ನನ್ನು ಸೂಜಿ ಅಂದ.' ಹೀಗೆ ಹಿಂದೆ ಹಿಂದೆ ಹೋಗಿ, ಎಲ್ಲೋ ಒಂದು ಕಡೆ ನಿಲ್ಲಿಸಿ, ಅಲ್ಲಿ ಸಿಕ್ಕವರ ಕಿವಿ ಹಿಂಡುತ್ತಿದ್ದಳು. ಅಲ್ಲೇ ಯಾಕೆ ನಿಲ್ಲಿಸಿದಳು ಎಂಬುದು ನಮಗಿಬ್ಬರಿಗೂ ಒಮ್ಮೆಯೂ ಗೊತ್ತಾಗಲಿಲ್ಲ. ಇವತ್ತು ಬೆಳಿಗ್ಗೆ ಕೇಳಿದೆ. 'ನಾನ್ಯಾವಾಗ ಹಾಗಂದೆ?' ಎಂದಳು. ಅವಳ ಎಲ್ಲ ಮಾತಿನ ಗತಿಯೂ ಅಷ್ಟೇ.

ಅತ್ತಿಗೆ ಫೋನ್ ಮಾಡಿದ್ದರು. ನೀನು ಲಿಫ್ಟ್ ನೋಡಿಕೊಳ್ಳುವ ಆ ಕಟ್ಟಡದ ಐದನೇ ಮಹಡಿಯ ಟೈಪಿಂಗ್ ಟೀಚರಮ್ಮ ತೀರಿಕೊಂಡರಂತೆ. ನಿನಗೆ ವಿಚಾರಣೆಯ ನೋಟಿಸ್ ಬಂದಿದೆಯಂತೆ. ತಟ್ಟೆ ಮುಂದೆ ಕೂತು ಎದ್ದು ಹೋಗುತ್ತೀಯಂತೆ. ಇಷ್ಟನ್ನು ನೀನೇ ಬರೆಯಬಹುದಿತ್ತು.

ಹದಿನೆಂಟು ವರ್ಷದಿಂದ ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ಕೂತು ಬೇರೆಯವರ ಅಪಘಾತಗಳನ್ನು ಓದುತ್ತಿದ್ದೇನೆ. ಯಾರು ಜಾರಿದರು, ಯಾರು ನೀರು ಚೆಲ್ಲಿದ್ದರು, ಯಾರು ಸುಳ್ಳು ಹೇಳುತ್ತಿದ್ದಾರೆ. ಆ ಕುರ್ಚಿಯಲ್ಲಿ ಕೂತೇ ಕೇಳುತ್ತಿದ್ದೇನೆ ಎಂದುಕೋ. ಏನಾಯಿತು, ಯಾವ ದಿನ, ಎಷ್ಟು ಗಂಟೆಗೆ? ಅನ್ನಿಸಿದ್ದು ಬೇಡ, ಕಂಡದ್ದನ್ನು ಬರೆ. ಫೋನ್ ಬೇಡ. ನಿನಗೆ ಎಡಗಿವಿ ಕೇಳುವುದಿಲ್ಲ. ಬಲಗಿವಿಗೆ ಕೇಳಿದ್ದನ್ನೂ ಕೇಳಲಿಲ್ಲ ಎನ್ನುತ್ತೀಯ.

ಅಮ್ಮ ಚೆನ್ನಾಗಿದ್ದಾಳೆ.

ನಿನ್ನ ತಂಗಿ


ಮಾರ್ಚ್ 17

ಸೂಜಿ,

ಕಂಡದ್ದನ್ನು ಬರೆಯುತ್ತೇನೆ.

ಫೆಬ್ರವರಿ 11, ಮಂಗಳವಾರ. ಏಳು ಮಹಡಿಯ ಕಟ್ಟಡ, ಒಂದೇ ಲಿಫ್ಟ್. ತಿಂಗಳ ಸರ್ವೀಸಿಗೆ ಹೋಗಿದ್ದೆ. ತಾರಸಿಯ ಮೋಟಾರ್ ಕೋಣೆಯಲ್ಲಿ ಮೇನ್ ಬೋರ್ಡಿನ ಮೂರು ಫ್ಯೂಸುಗಳಲ್ಲಿ ನಡುವಿನದನ್ನು ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ನಮ್ಮ ಕೆಲಸದವರು ಎಲ್ಲರೂ ಹೀಗೇ ಮಾಡುವುದು. ನನಗೆ ಕೆಲಸ ಕಲಿಸಿದ ಮೇಸ್ತ್ರಿಯ ಎಡಗೈಗೆ ಎರಡು ಬೆರಳು ಇರಲಿಲ್ಲ. ಅವರು ಲಿಫ್ಟಿನ ಉಕ್ಕಿನ ಹಗ್ಗಕ್ಕೆ ಗ್ರೀಸ್ ಹಚ್ಚುತ್ತಿದ್ದಾಗ ಯಾರೋ ಬಂದು ಸ್ವಿಚ್ ಹಾಕಿದ್ದರು. 'ರಿಪೇರಿ ಬೋರ್ಡ್ ತಗ್ಲಾಕಿದೀನಿ ಅಂತ ನಂಬ್ಬೇಡ, ಕಾವಲುಗಾರ ಇದಾನೆ ಅಂತ ನಂಬ್ಬೇಡ. ಫ್ಯೂಸ್ ನಿನ್ ಜೇಬಲ್ಲಿರ್ಲಿ' ಎನ್ನುತ್ತಿದ್ದರು. ಮೂವತ್ತು ವರ್ಷ ಅದನ್ನು ತಪ್ಪಿಸಿಲ್ಲ. ಪಿಂಗಾಣಿಯದು, ಸೋಪಿನ ಬಿಲ್ಲೆಯಷ್ಟು ದಪ್ಪ. ಜೇಬಿನಲ್ಲಿದ್ದರೆ ತೊಡೆಗೆ ಒತ್ತುತ್ತದೆ, ಮರೆಯುವಂಥ ವಸ್ತುವಲ್ಲ.

ಹನ್ನೊಂದು ಗಂಟೆಗೆ ಕಾವಲುಗಾರ ಏಳು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದ. 'ಫೋನ್ ಬಂದಿದೆ. ಅರ್ಜೆಂಟಂತೆ.' ಇಳಿದೆ. ಮಾತಾಡಿದೆ. ಅಲ್ಲಿಂದಲೇ ಬಸ್ ನಿಲ್ದಾಣಕ್ಕೆ ಹೋದೆ. ಕೈಯ ಗ್ರೀಸ್ ಒರೆಸಿಕೊಂಡಿರಲಿಲ್ಲ. ಫ್ಯೂಸ್ ಜೇಬಿನಲ್ಲೇ ಉಳಿಯಿತು. ಲಿಫ್ಟ್ ನಿಂತೇ ಇತ್ತು.

ಮಾರನೆಯ ದಿನ, ಬುಧವಾರ, ಆರನೇ ಮಹಡಿಯ ಟೈಲರ್ ತನ್ನ ಬಟ್ಟೆ ಕತ್ತರಿಸುವ ಮೇಜನ್ನು ಬೇರೆ ಅಂಗಡಿಗೆ ಸಾಗಿಸಬೇಕಿತ್ತು. ಇಬ್ಬರು ಹಮಾಲರು ಮೆಟ್ಟಿಲ ಮೇಲೆ ಹೊತ್ತು ತಂದರು. ಮೂರನೇ ಮಹಡಿಯ ತಿರುವಿನಲ್ಲಿ ಇಳಿಸಿ, ಬೀಡಿ ಸೇದಲು ಕೆಳಗೆ ಹೋದರು. ಅಲ್ಲಿನ ಬಲ್ಬ್ ಹೋಗಿ ವಾರವಾಗಿತ್ತಂತೆ. ಹತ್ತು ಗಂಟೆಗೆ ಟೀಚರಮ್ಮ ಇಳಿದು ಬಂದರು. ಮೇಜಿನ ಮೂಲೆ ಸೊಂಟಕ್ಕೆ ತಗುಲಿತು. ಒಂಬತ್ತು ಮೆಟ್ಟಿಲು ಉರುಳಿದರು. ತೊಡೆಯ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮಲಗಿದಲ್ಲೇ ನ್ಯುಮೋನಿಯಾ ಹಿಡಿಯಿತು. ಮಾರ್ಚ್ 2ಕ್ಕೆ ಹೋದರು.

ವಿಚಾರಣೆಯಲ್ಲಿ ಎರಡು ವಿಷಯ ತೀರ್ಮಾನವಾಗಬೇಕು ಎಂದು ವಕೀಲರು ಹೇಳುತ್ತಾರೆ. ಒಂದು, ನನ್ನ ಪರವಾನಗಿ. ಅದು ಹೋದರೆ ಯಾವ ಕಂಪನಿಯೂ ನನ್ನನ್ನು ಲಿಫ್ಟ್ ಮುಟ್ಟಲು ಬಿಡುವುದಿಲ್ಲ; ಐವತ್ತೆರಡನೇ ವಯಸ್ಸಿಗೆ ನನಗೆ ಬೇರೆ ಕೆಲಸ ಬರುವುದೂ ಇಲ್ಲ. ಇನ್ನೊಂದು, ಟೀಚರಮ್ಮನ ಸಾವು ನನ್ನಿಂದಲೇ ಆದದ್ದೋ ಅಲ್ಲವೋ.

ನಿನ್ನ ಕಾಗದದ ಬೆನ್ನಿಗೆ ಕಾರ್ಬನ್ನಿನ ನೀಲಿ ಕಲೆಯಿದೆ. ಪ್ರತಿ ಯಾರಿಗೆ?

ಅಣ್ಣ


ಮಾರ್ಚ್ 24

ಅಣ್ಣ,

ಪ್ರತಿ ನನಗೇ. ಕಚೇರಿಯ ಅಭ್ಯಾಸ. ಸಾಮಾನಿನ ಚೀಟಿಗೂ ಕಾರ್ಬನ್ ಇಡುತ್ತೀಯಲ್ಲೇ ಎಂದು ಅಮ್ಮ ನಗುತ್ತಾಳೆ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಕ್ಲೇಮು ಅರ್ಜಿಯಲ್ಲಿ ಒಂದು ಕಡೆ ವಿವರ ತುಂಬಾ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಇಲ್ಲದ ಕಡೆಯೇ ನೋಡಬೇಕು ಎಂದು ನಮಗೆ ಕಲಿಸಿದ್ದಾರೆ. ಮೇಸ್ತ್ರಿಯ ಬೆರಳಿಗೆ ನೀನು ಐದು ಸಾಲು ಕೊಟ್ಟಿದ್ದೀಯ. ಫೋನಿಗೆ 'ಮಾತಾಡಿದೆ' ಎಂಬ ಒಂದು ಪದ.

ಇರಲಿ. ನಮ್ಮಲ್ಲಿ ಮೊದಲು ಕೇಳುವುದು, ಇದು ಆಗದೇ ಇದ್ದಿದ್ದರೆ ಅದು ಆಗುತ್ತಿತ್ತೇ ಎಂದು. ಲಿಫ್ಟ್ ಓಡುತ್ತಿದ್ದರೆ ಮೇಜು ಮೆಟ್ಟಿಲಿಗೆ ಬರುತ್ತಿರಲಿಲ್ಲ, ಟೀಚರಮ್ಮನೂ ಬರುತ್ತಿರಲಿಲ್ಲ. ಅಲ್ಲಿಗೆ ನೀನು ಸಿಕ್ಕಿಬಿದ್ದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಲಿಫ್ಟ್ ಕಂಡುಹಿಡಿದವನೂ ಸಿಕ್ಕಿಬೀಳುತ್ತಾನೆ. ಅದಕ್ಕೆ ಇನ್ನೊಂದನ್ನು ಕೇಳುತ್ತಾರೆ: ಹೀಗಾದೀತು ಎಂದು ನೆಟ್ಟಗೆ ಯೋಚಿಸುವ ಮನುಷ್ಯನಿಗೆ ಮೊದಲೇ ಹೊಳೆಯಬಹುದಿತ್ತೇ, ಅಥವಾ ಅದು ತೀರಾ ದೂರದ್ದೇ?

ಹೋದ ವರ್ಷ ಒಬ್ಬಾಕೆ ಬಂದಿದ್ದಳು. ಪ್ಲಂಬರ್ ನಲ್ಲಿ ಬಿಗಿಮಾಡಿರಲಿಲ್ಲ, ನೀರು ಇವಳ ಗೋಡೆಗೆ ಇಳಿಯಿತು. ಗೋಡೆ ಒಣಗುವವರೆಗೆ ಅಕ್ಕನ ಮನೆಗೆ ಹೋದಳು, ಅಲ್ಲಿ ಅಕ್ಕನ ನಾಯಿ ಕಚ್ಚಿತು. ಗೋಡೆಗೆ ಪ್ಲಂಬರ್ ಹೊಣೆ, ನಾಯಿಗೆ ಅಲ್ಲ ಎಂದೆವು. 'ನಲ್ಲಿ ಸರಿ ಇದ್ದಿದ್ರೆ ನಾನ್ಯಾಕ್ರೀ ಆ ನಾಯಿ ಮುಂದೆ ಹೋಗಿ ನಿಲ್ತಿದ್ದೆ?' ಎಂದು ಕೌಂಟರಿನ ಮೇಲೆ ಕಾಲಿಟ್ಟು ಗಾಯ ತೋರಿಸಿದಳು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಕೊಡಲಿಲ್ಲ.

ನಿನ್ನ ವಕೀಲರು ಮೇಜನ್ನು ಹಿಡಿಯಲಿ. ಕತ್ತಲ ತಿರುವಿನಲ್ಲಿ ಮೇಜು ಬಿಟ್ಟು ಹೋದದ್ದು ಬೇರೆಯವರ ಕೈ. ಅದು ನಡುವೆ ಬಂದು ಸರಪಳಿ ಕತ್ತರಿಸಿತು ಎನ್ನಲಿ. ನ್ಯುಮೋನಿಯಾದ ತಂಟೆಗೆ ಹೋಗುವುದು ಬೇಡ. ಏಟು ತಿಂದವರು ಎಷ್ಟು ನಾಜೂಕಾಗಿದ್ದರೂ ಏಟು ಕೊಟ್ಟವನೇ ಅದನ್ನೂ ಹೊರಬೇಕು ಎನ್ನುವವರು ಇದ್ದಾರೆ.

ಆದರೆ ಅವರು ಹಿಂದಕ್ಕೂ ಹೋಗುತ್ತಾರೆ. ಕೆಲಸ ಅರ್ಧಕ್ಕೆ ಬಿಟ್ಟು ಯಾಕೆ ಹೊರಟೆ ಎಂದು ಕೇಳುತ್ತಾರೆ. ಏನು ಹೇಳಬೇಕೆಂದಿದ್ದೀಯ?

ನಿನ್ನ ತಂಗಿ


ಏಪ್ರಿಲ್ 8

ಸೂಜಿ,

ವಕೀಲರು ಅದನ್ನೇ ಕೇಳಿದರು.

'ಫೋನಲ್ಲಿ ಏನಂದ್ರು?'

'ಅಮ್ಮ ಹೋಗ್ತಿದಾಳೆ, ಈಗ್ಲೇ ಹೊರಡು ಅಂದ್ಳು ತಂಗಿ.'

ವಕೀಲರ ಮುಖ ಅರಳಿತು. ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟರು. 'ಇದನ್ನ ಇಷ್ಟು ದಿನ ಹೊಟ್ಟೆಲಿಟ್ಕೊಂಡು ಕೂತಿದ್ರೇನ್ರಿ! ತಾಯಿ ಸಾಯ್ತಿದಾರೆ ಅಂದ್ರೆ ಯಾರಿಗ್ರೀ ಫ್ಯೂಸ್ ನೆನಪಿರುತ್ತೆ? ಆ ದಿನದ ಡಾಕ್ಟರ್ ಚೀಟಿ ತರಿಸಿ. ತಂಗಿ ಕೈಲಿ ಒಂದು ಹೇಳಿಕೆ ಬರೆಸಿ. ಪರವಾನಗಿ ಎಲ್ಲೂ ಹೋಗಲ್ಲ.'

ಆದ್ದರಿಂದ ಕೇಳುತ್ತಿದ್ದೇನೆ. ಆ ದಿನದ ಡಾಕ್ಟರ್ ಚೀಟಿ ಇದೆಯೇ?

ಮೊದಲ ಪತ್ರದಲ್ಲಿ ಕಂಡದ್ದನ್ನು ಬರೆ ಎಂದು ನೀನು ಹೇಳಿದ್ದೆ. ಆಗ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ನಾಲ್ಕು ಗಂಟೆ ಬಸ್ಸಿನಲ್ಲಿ ನಿಂತೇ ಬಂದೆ. ನಿನ್ನ ಮನೆಯ ಬಾಗಿಲು ತೆರೆದಿತ್ತು. ಅಮ್ಮ ಸ್ಟೂಲಿನ ಮೇಲೆ ನಿಂತು ಕಿಟಕಿಗೆ ಪರದೆ ಸಿಕ್ಕಿಸುತ್ತಿದ್ದಳು. ಎಪ್ಪತ್ತೆಂಟರ ಹೆಂಗಸು, ಎರಡೂ ಕೈ ಮೇಲೆತ್ತಿ. ಬಾಯಲ್ಲಿ ನಾಲ್ಕೈದು ಕೊಕ್ಕೆ ಕಚ್ಚಿಕೊಂಡಿದ್ದಳು. ನನ್ನತ್ತ ತಿರುಗಿ ನೋಡಿದಳು, ಏನೂ ಹೇಳಲಿಲ್ಲ. ನೀನು ಅಡುಗೆಮನೆಯಿಂದ ಬಂದು 'ಈಗ ಸ್ವಲ್ಪ ಪರ್ವಾಗಿಲ್ಲ' ಎಂದೆ.

ಆಗ ನಾನು ಏನೂ ಕೇಳಲಿಲ್ಲ. ಹನ್ನೊಂದು ತಿಂಗಳು ಅಮ್ಮನನ್ನು ನೋಡಲು ಬಾರದವನು ಏನು ಕೇಳುವುದು? ಲಿಫ್ಟ್ ರಿಪೇರಿಯವನ ಮನೆ ನಾಲ್ಕನೇ ಮಹಡಿ, ಅಲ್ಲಿ ಲಿಫ್ಟ್ ಇಲ್ಲ, ಅಮ್ಮನ ಮಂಡಿ ಹತ್ತುವುದಿಲ್ಲ, ಹಾಗಾಗಿ ನಾನು ಅವಳನ್ನು ನಿನ್ನಲ್ಲೇ ಬಿಟ್ಟೆ ಎಂದು ನೀನು ನಂಟರಿಗೆಲ್ಲ ನಗುತ್ತ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಬಲಗಿವಿಗೆ. ಅದಾದ ಮೇಲೇ ನಾನು ಬರುವುದು ನಿಲ್ಲಿಸಿದ್ದು.

ಇನ್ನೊಂದು ಮಾತು. ಆ ಕಟ್ಟಡದ ವಿಮೆ ನಿಮ್ಮ ಕಂಪನಿಯದೇ ಎಂದು ವಕೀಲರು ಹೇಳಿದರು. ನನ್ನ ಮೇಲೆ ತಪ್ಪು ನಿಂತರೆ ಕಟ್ಟಡದವರು ಪಾರು, ನಿಮ್ಮ ಕಂಪನಿಯೂ ಪಾರು. ನಿನಗೆ ಇದು ಮೊದಲೇ ಗೊತ್ತಿತ್ತೇ? ಕಾರ್ಬನ್ ಪ್ರತಿಗಳನ್ನು ಎಲ್ಲಿ ಇಡುತ್ತೀಯ?

ಅಣ್ಣ


ಏಪ್ರಿಲ್ 15

ಅಣ್ಣ,

ಆ ಕಡತ ನನ್ನ ಮೇಜಿಗೆ ಬಂದಿಲ್ಲ. ಬರುವುದೂ ಇಲ್ಲ, ಒಡಹುಟ್ಟಿದವರ ಕಡತ ನಮಗೆ ಕೊಡುವುದಿಲ್ಲ. ಪ್ರತಿಗಳು ನನ್ನ ಟ್ರಂಕಿನಲ್ಲಿವೆ, ಬಂದು ನೋಡು.

ಡಾಕ್ಟರ್ ಅವತ್ತು ಊರಲ್ಲಿರಲಿಲ್ಲ. ಬೇರೆ ಯಾರಿಗೋ ತೋರಿಸಿದ ನೆನಪು. ಚೀಟಿ ಹುಡುಕುತ್ತಿದ್ದೇನೆ.

ನೀನು ಸ್ಟೂಲಿನ ವಿಷಯ ಬರೆದೆ. ನಾನು ಕನ್ನಡಿ ಪಕ್ಕದ ಗೋಡೆಗೂಡಿನ ವಿಷಯ ಎಲ್ಲೂ ಬರೆದಿಲ್ಲ. ಅದೇ ಮಂಗಳವಾರ ಸಂಜೆ ನಿನ್ನ ಗ್ರೀಸ್ ಮೆತ್ತಿದ ಪ್ಯಾಂಟನ್ನು ಒಗೆಯಲು ತೆಗೆದುಕೊಂಡೆ. ಜೇಬಿನಲ್ಲಿ ಫ್ಯೂಸ್ ಸಿಕ್ಕಿತು. 'ಇದೇನೋ ಅಣ್ಣ, ಜೇಬಲ್ಲಿ ಕಲ್ಲಿಟ್ಕೊಂಡು ಓಡಾಡ್ತೀಯಾ?' ಎಂದು ಕೇಳಿ ಆ ಗೂಡಿನಲ್ಲಿ ಇಟ್ಟೆ. ನಿನ್ನ ಮುಖ ಬಿಳಿಚಿತು. ಇನ್ನೂ ಬೆಳಕಿತ್ತು. ಬೀದಿಯ ತುದಿಯ ಅಂಗಡಿಯಲ್ಲಿ ಫೋನ್ ಇತ್ತು. ಕಂಪನಿಗೆ ಒಂದು ಮಾತು ಹೇಳಿದ್ದರೆ ಬೆಳಗಾಗುವಷ್ಟರಲ್ಲಿ ಬೇರೆ ಯಾರಾದರೂ ಇನ್ನೊಂದು ಫ್ಯೂಸ್ ಹಾಕುತ್ತಿದ್ದರು. ನೀನು ಹೋಗಲಿಲ್ಲ.

ತಾಯಿಯ ಸಾವಿನ ಸುದ್ದಿಗೆ ಫ್ಯೂಸ್ ಮರೆತೆ ಎಂದು ವಕೀಲರು ಹೇಳಬಹುದು. ನೆನಪಾದ ಮೇಲಿನ ಹದಿನಾರು ಗಂಟೆಗೆ ಏನು ಹೇಳುತ್ತಾರೆ?

ನಾನು ಯಾರಿಗೂ ಹೇಳಿಲ್ಲ. ಅಷ್ಟೇ ಬರೆಯಬೇಕೆಂದಿದ್ದೆ.

ಅಮ್ಮನಿಗೆ ಎರಡು ದಿನದಿಂದ ಕೆಮ್ಮು.

ತಂಗಿ


ಮೇ 3

ಸೂಜಿ,

ಗೂಡಿನ ವಿಷಯ ಬರೆದೆ. ಆಗ ನೀನು ಅಂದದ್ದನ್ನು ಬರೆಯಲಿಲ್ಲ. 'ಒಂದಿನ ಜನ ಮೆಟ್ಲು ಹತ್ಲಿ ಬಿಡೋ, ಮೈಗೂ ಒಳ್ಳೇದು. ಅಪರೂಪಕ್ಕೆ ಬಂದಿದೀಯ, ಕೂತ್ಕೋ.' ನಾನು ನಕ್ಕೆ. ಫೋನ್ ಮಾಡಿದರೆ ಕಂಪನಿಗೆ ಗೊತ್ತಾಗುತ್ತದೆ, ಮಾಡದಿದ್ದರೆ ನಾಳೆ ಹೋಗಿ ಸದ್ದಿಲ್ಲದೆ ಸಿಕ್ಕಿಸಿಬಿಡಬಹುದು ಎಂದು ನನ್ನ ಲೆಕ್ಕ. ತಪ್ಪನ್ನು ನಿನ್ನ ಮಾತಿನ ಮೇಲೆ ಹೇರುತ್ತಿಲ್ಲ. ಎಲ್ಲ ಬರೆಯುವುದಾದರೆ ಎಲ್ಲ ಬರೆಯೋಣ ಎಂದೆ.

ಚೀಟಿ ಹುಡುಕಬೇಡ.

ನಿನ್ನೆ ಮೊದಲ ವಿಚಾರಣೆ. ಉದ್ದನೆಯ ಕೋಣೆ, ಒಂದೇ ಫ್ಯಾನ್, ಅದರ ಬೇರಿಂಗ್ ಸವೆದಿದೆ. ಕಾವಲುಗಾರ, ಟೈಲರ್, ಹಮಾಲರು ಎಲ್ಲರೂ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತಿದ್ದೆವು. 'ಬಲ್ಬ್ ಇದ್ದಿದ್ರೆ ನಾವ್ ಯಾಕ್ ಅಲ್ಲಿಡ್ತಿದ್ವಿ?' ಎಂದರು ಹಮಾಲರು. 'ಬಲ್ಬ್ ಬೇಕು ಅಂತ ಅದು ಹೋದ ದಿನಾನೇ ಬರ್ಕೊಟ್ಟಿದ್ದೆ ಸ್ವಾಮಿ' ಎಂದ ಕಾವಲುಗಾರ. ಅಧಿಕಾರಿ ಪ್ರತಿಯೊಬ್ಬರನ್ನೂ ಕೇಳುತ್ತಿದ್ದ ರೀತಿ ಅಮ್ಮನದೇ. ಅದಕ್ಕಿಂತ ಮುಂಚೆ? ಅದಕ್ಕಿಂತ ಮುಂಚೆ?

ಟೀಚರಮ್ಮನ ಮಗಳು ಬಂದಿದ್ದಳು. ಬೇರೆ ಊರಿನಲ್ಲಿ ಶಾಲೆಯ ಕೆಲಸವಂತೆ. ಬೈದರೆ ಸುಮ್ಮನೆ ಕೇಳಿಸಿಕೊಳ್ಳಬೇಕೆಂದು ಬಲಗಿವಿ ಅವಳತ್ತ ಮಾಡಿ ಕೂತೆ. ಬೈಯಲಿಲ್ಲ. ಹೊರಗೆ ನೀರಿನ ಹೂಜಿಯ ಹತ್ತಿರ ಸಿಕ್ಕಳು.

'ಅಮ್ಮ ಕೆಳಗೆ ಯಾಕೆ ಇಳಿದ್ರು ಅಂತ ಒಳಗೆ ಯಾರೂ ಕೇಳ್ಲಿಲ್ಲ, ನೋಡಿದ್ರಾ?'

ಇಲ್ಲ ಎಂದೆ.

'ಟಪಾಲು ಡಬ್ಬ ನೋಡೋಕೆ. ಆ ವಾರ ಕಾಗದ ಹಾಕ್ತೀನಿ ಅಂದಿದ್ದೆ. ಹಾಕಿರ್ಲಿಲ್ಲ.' ಲೋಟವನ್ನು ಬೋರಲು ಇಟ್ಟಳು. 'ಆ ಗುಮಾಸ್ತರು ಅಷ್ಟೊಂದು ಬರ್ಕೊಂಡ್ರಲ್ಲ. ಇದನ್ನ ಬರ್ಕೊಳ್ಳಿ ಅಂತ ಹೇಳ್ಬೇಕು ಅನ್ಸ್ತು. ಹೇಳೋಕಾಗ್ಲಿಲ್ಲ.'

ನಾನು ಹೂಜಿಯ ಮುಚ್ಚಳ ಮುಚ್ಚಿದೆ.

ತೀರ್ಪು ಬರುವವರೆಗೆ ಕೆಲಸ ಮಾಡಬಹುದು ಎಂದಿದ್ದಾರೆ. ಪ್ರತಿ ಸರ್ವೀಸ್ ಮುಗಿದ ಮೇಲೂ ಲಿಫ್ಟ್ ಓಡಿಸಿ ತೋರಿಸಿ ಕಾವಲುಗಾರನ ಸಹಿ ಹಾಕಿಸಿಕೊಳ್ಳಬೇಕು. ಅಮ್ಮನ ಕೆಮ್ಮು ಹೇಗಿದೆ?

ಅಣ್ಣ


ಜೂನ್ 1

ಅಣ್ಣ,

ಅಮ್ಮ ಹೋಗಿ ಹದಿಮೂರು ದಿನವಾಯಿತು. ಅಮ್ಮನ ಮಂಚವನ್ನು ಇನ್ನೂ ತೆಗೆದಿಲ್ಲ. ನೀನು ಇಲ್ಲಿದ್ದ ಮೂರು ದಿನ ನಾವು ಬಂದವರ ಜೊತೆ ಮಾತಾಡಿದೆವು, ಒಬ್ಬರೊಡನೊಬ್ಬರು ಮಾತಾಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೇ 19, ಬೆಳಿಗ್ಗೆ ಹತ್ತೂವರೆಗೆ ನಿನಗೆ ಫೋನ್ ಮಾಡಿದೆ. 'ಅಮ್ಮ ಹೋಗ್ತಿದಾಳೆ, ಈಗ್ಲೇ ಹೊರಡು' ಎಂದೆ. ಬೇರೆ ಮಾತು ಹೊಳೆಯಲಿಲ್ಲ. ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು, ಹೋದ ಸಲದ ಮಾತೇ, ಅಕ್ಷರ ಅಕ್ಷರ ಅದೇ. ನೀನು 'ಹೂಂ' ಎಂದೆ. ನಾಲ್ಕು ಗಂಟೆಯ ದಾರಿ. ಅಮ್ಮ ಸಂಜೆ ನಾಲ್ಕರವರೆಗೂ ಇದ್ದಳು. ಎರಡು ಸಲ ಬಾಗಿಲ ಕಡೆ ನೋಡಿದಳು. ನೀನು ಬಂದದ್ದು ಏಳಕ್ಕೆ.

ಬಸ್ ಕೆಟ್ಟಿತ್ತು ಎಂದು ನೀನು ನಂಟರಿಗೆ ಹೇಳಿದೆ. ಬೇರೆಯವರ ಬಸ್ಸುಗಳ ವಿಚಾರಣೆ ಮಾಡುವುದೇ ನನ್ನ ಕೆಲಸ. ಅವತ್ತು ಆ ದಾರಿಯಲ್ಲಿ ಯಾವ ಬಸ್ಸೂ ಕೆಟ್ಟಿರಲಿಲ್ಲ.

ಏನು ಮಾಡುತ್ತಿದ್ದೆ?

ತಂಗಿ


ಜೂನ್ 10

ಸೂಜಿ,

ಕಂಡದ್ದನ್ನೇ ಬರೆಯುತ್ತೇನೆ.

ಫೋನ್ ಕೆಳಗಿಟ್ಟೆ. ಮತ್ತೆ ಮೋಟಾರ್ ಕೋಣೆಗೆ ಹತ್ತಿದೆ. ಇದು ಬೇರೆ ಕಟ್ಟಡ, ಆರು ಮಹಡಿ. ಬ್ರೇಕಿನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ ಇದ್ದವು, ನಾಲ್ಕನ್ನೂ ಹಾಕಿದೆ. ಸಾಮಾನ್ಯವಾಗಿ ಎರಡು ಹಾಕಿ ಉಳಿದದ್ದನ್ನು ಆಮೇಲೆ ಹಾಕುತ್ತೇನೆ. ಜೇಬಿನಿಂದ ಫ್ಯೂಸ್ ತೆಗೆದು ಒರೆಸಿ ಬೋರ್ಡಿಗೆ ಸಿಕ್ಕಿಸಿದೆ. ಲಿಫ್ಟನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ಓಡಿಸಿದೆ. ಒಂದು ಸಲ ಸಾಕಿತ್ತು. ಕಾವಲುಗಾರ ಊಟಕ್ಕೆ ಹೋಗಿದ್ದ, ಸಹಿಗೆ ಕಾದೆ. ಕಾಯುತ್ತ ಡಬ್ಬಿ ಬಿಚ್ಚಿ ಊಟ ಮಾಡಿದೆ. ಮೊಸರಿನವರೆಗೂ. ಕೈ ತೊಳೆದೆ. ಗ್ರೀಸ್ ಹೋಗುವವರೆಗೆ ಉಜ್ಜಿ ತೊಳೆದೆ.

ಅಮ್ಮ ಸ್ಟೂಲಿನ ಮೇಲೆ ನಿಂತಿರುತ್ತಾಳೆ ಎಂದುಕೊಂಡಿದ್ದೆ. ಊಟ ಮಾಡುವಾಗ ಅದೇ ಕಣ್ಣ ಮುಂದಿತ್ತು. ಈ ಸಲ ಬಾಗಿಲಲ್ಲೇ ನಿಂತು ನಕ್ಕುಬಿಡಬೇಕು ಎಂದೂ ಅಂದುಕೊಂಡಿದ್ದೆ.

ಇದಕ್ಕೆ ನಿಮ್ಮ ಕಚೇರಿಯಲ್ಲಿ ಏನೆನ್ನುತ್ತಾರೆ? ಗೋಡೆಯೋ, ನಾಯಿಯೋ?

ಕಡೆಯ ವಿಚಾರಣೆ ಜುಲೈ 11ಕ್ಕೆ. ವಕೀಲರು ಇನ್ನೂ ನಿನ್ನ ಹೇಳಿಕೆಗೆ ಕಾಯುತ್ತಿದ್ದಾರೆ. ನಾನು ಕಾಯುತ್ತಿಲ್ಲ.

ಅಣ್ಣ


ಜೂನ್ 22

ಅಣ್ಣ,

ಇದಕ್ಕೆ ಕಾರ್ಬನ್ ಇಟ್ಟಿಲ್ಲ. ಬೆನ್ನು ತಿರುಗಿಸಿ ನೋಡು.

ಹೇಳಿಕೆಯನ್ನು ನಿನ್ನ ವಕೀಲರಿಗೆ ಕಳಿಸಿದ್ದೇನೆ. ನೀನು ಅಲ್ಲಿ ಕೂತು ಮೊದಲ ಸಲ ಕೇಳುವುದು ಬೇಡವೆಂದು ಇಲ್ಲಿ ಬರೆಯುತ್ತಿದ್ದೇನೆ. ಮೂರು ಮಾತುಗಳಿವೆ.

ಫೆಬ್ರವರಿ 11ರಂದು ನಮ್ಮ ತಾಯಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅವರು ಸಾಯುತ್ತಿದ್ದಾರೆ ಎಂದು ನಾನು ಸುಳ್ಳು ಹೇಳಿ ಅಣ್ಣನನ್ನು ಕರೆಸಿದೆ. ಅವನು ಅದನ್ನು ನಂಬಿದ.

ಫ್ಯೂಸ್ ಅವನ ಜೇಬಿನಲ್ಲಿದ್ದದ್ದು ನನ್ನ ಕಣ್ಣಿಗೆ ಬಿದ್ದದ್ದು ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ. ಅದಕ್ಕೂ ಮೊದಲು ಅವನಿಗೂ ನೆನಪಿರಲಿಲ್ಲ.

ಹಾಗೆ ಸುಳ್ಳು ಹೇಳಿ ಕರೆಸು ಎಂದು ನನಗೆ ಹೇಳಿದ್ದು ನಮ್ಮ ತಾಯಿ. 'ನಾನು ಹೋಗ್ತಿದೀನಿ ಅನ್ನು, ಬರ್ತಾನೆ. ಚೆನ್ನಾಗಿದೀನಿ ಅಂದ್ರೆ ಬರಲ್ಲ' ಎಂದು ಆ ದಿನ ಬೆಳಿಗ್ಗೆ ಹೇಳಿದರು.

ಈ ಹೇಳಿಕೆಯ ಪ್ರತಿ ನಮ್ಮ ಕಂಪನಿಗೂ ಹೋಗುತ್ತದೆ. ಸುಳ್ಳು ಹಿಡಿಯುವ ಕುರ್ಚಿಯಲ್ಲಿ ನನ್ನನ್ನು ಇನ್ನು ಕೂರಿಸುವುದಿಲ್ಲ. ಕಡತದ ಕೋಣೆಗೆ ಹಾಕಬಹುದು. ಅಲ್ಲಿ ಕಿಟಕಿ ಇಲ್ಲ. ಪರವಾಗಿಲ್ಲ.

ನಿನ್ನ ಊಟದ ವಿಷಯ ಓದಿದೆ. ಅದಕ್ಕೆ ನಮ್ಮ ಕಚೇರಿಯಲ್ಲಿ ಏನೂ ಅನ್ನುವುದಿಲ್ಲ. ಅಂಥ ಅರ್ಜಿ ಹಾಕಲು ನಮೂನೆಯೇ ಇಲ್ಲ.

ಸೂಜಿ


ಜುಲೈ 14

ಸೂಜಿ,

ವಕೀಲರು ನಿನ್ನ ಹೇಳಿಕೆ ಓದಿದರು. ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ವಕೀಲರು ಮೇಜಿನ ಕೆಳಗೆ ನನ್ನ ಮಂಡಿ ತಟ್ಟಿದರು. ಗೆದ್ದೆವು ಎನ್ನುವ ಹಾಗೆ.

'ಇದಕ್ಕೆ ನೀವೇನಾದ್ರೂ ಸೇರ್ಸೋದಿದೆಯಾ?' ಎಂದು ಅಧಿಕಾರಿ ಕೇಳಿದರು.

ಟೀಚರಮ್ಮನ ಮಗಳು ಎದುರಿನ ಬೆಂಚಿನಲ್ಲಿದ್ದಳು. ಕೈಯಲ್ಲಿ ಒಂದು ಖಾಲಿ ಇನ್‌ಲ್ಯಾಂಡ್ ಕಾಗದ. ಯಾಕೆ ತಂದಿದ್ದಳೋ ಗೊತ್ತಿಲ್ಲ.

'ಬುಧವಾರ ಅಲ್ಲ ಸ್ವಾಮಿ' ಎಂದೆ. 'ಮಂಗಳವಾರ ಸಂಜೆನೇ ಸಿಕ್ತು. ಇನ್ನೂ ಬೆಳಕಿತ್ತು. ಫೋನ್ ಮಾಡ್ಬಹುದಿತ್ತು, ಮಾಡ್ಲಿಲ್ಲ. ತಂಗಿಗೆ ದಿನ ತಪ್ಪಿದೆ.'

ವಕೀಲರ ಕೈ ಮಂಡಿಯಿಂದ ಹೋಯಿತು.

ನಿನ್ನ ಮೇಲಿನ ಸಿಟ್ಟಿಗೆ ಹಾಗೆ ಹೇಳಿದೆ ಎಂದುಕೊಳ್ಳಬೇಡ. ನನಗೇ ಸರಿಯಾಗಿ ಗೊತ್ತಿಲ್ಲ. ಆ ಕಾಗದ ನೋಡಿದೆ, ಹೇಳಿದೆ. ಅಧಿಕಾರಿ ನಿನ್ನ ಹೇಳಿಕೆಯನ್ನು ಬೆರಳಿನಿಂದ ಒತ್ತಿ ಹಿಡಿದರು. 'ಒಂದು ಮಾತು ತಪ್ಪು ಅಂದ್ರಿ. ಉಳಿದದ್ದು? ತಾಯಿಗೆ ಕಾಯಿಲೆ ಇರ್ಲಿಲ್ಲ ಅನ್ನೋದು?'

'ನಿಜ. ನಾನೇ ಕಣ್ಣಾರೆ ನೋಡಿದೀನಿ.'

'ನಿಮ್ಮ ತಾಯೀನೇ ಹಾಗೆ ಹೇಳ್ಸಿದ್ದು ಅನ್ನೋದು?'

ಗುಮಾಸ್ತ ಪೆನ್ನು ಎತ್ತಿ ಕಾಯುತ್ತಿದ್ದ. 'ಗೊತ್ತಿಲ್ಲ' ಎಂದೆ. ಅವನು ಅದನ್ನು ಬರೆದುಕೊಂಡ.

ಮಧ್ಯಾಹ್ನ ಆದೇಶ ಓದಿದರು. ಮರೆತು ಹೊರಟದ್ದಕ್ಕೆ ಕ್ಷಮೆಯಿದೆ, ನೆನಪಾದ ಮೇಲೆ ಸುಮ್ಮನಿದ್ದದ್ದಕ್ಕೆ ಇಲ್ಲ. ಪರವಾನಗಿ ರದ್ದು. ಕಾಲು ಮುರಿದದ್ದರಲ್ಲಿ ನನ್ನ ಪಾಲಿದೆ, ಹಮಾಲರ ಪಾಲಿದೆ, ಕಟ್ಟಡದವರ ಪಾಲಿದೆ. ಸಾವು ಬಹಳ ದೂರದ್ದು. ಅದು ಯಾರ ಮೇಲೂ ಇಲ್ಲ. 'ಬಹಳ ದೂರದ್ದು' ಎಂದು ಓದುವಾಗ ಅಧಿಕಾರಿ ತಲೆ ಎತ್ತಲಿಲ್ಲ. ಮಗಳು ನನ್ನಿಂದ ನಾಲ್ಕು ಮಾರು ದೂರದಲ್ಲಿದ್ದಳು.

ಕಂಪನಿಗೆ ಹೋಗಿ ಕೀಲಿಗಳನ್ನೂ ಉಪಕರಣಗಳ ಚೀಲವನ್ನೂ ಒಪ್ಪಿಸಿದೆ. ಫೆಬ್ರವರಿಯ ಆ ಫ್ಯೂಸನ್ನು ಯಾರೂ ಕೇಳಲಿಲ್ಲ. ಅದು ನನ್ನಲ್ಲೇ ಇದೆ. ಈಗ ಈ ಕಾಗದ ಹಾರದ ಹಾಗೆ ಮೇಲಿಟ್ಟು ಬರೆಯುತ್ತಿದ್ದೇನೆ.

ನೀನು ಮೂರು ಮಾತು ಬರೆದೆ. ಮೊದಲನೆಯದು ನಿಜವೆಂದು ನನಗೆ ಗೊತ್ತು. ಎರಡನೆಯದು ಸುಳ್ಳೆಂದು ಗೊತ್ತು. ನನಗೋಸ್ಕರ ಹೇಳಿದ್ದೆಂದೂ ಗೊತ್ತು. ಮೂರನೆಯದನ್ನು ಎತ್ತ ಹಾಕಲಿ? ಅಮ್ಮ ಹಾಗೆ ಹೇಳಿಸಬಲ್ಲವಳೇ. ನೀನು, ಅಮ್ಮ ಹೋದ ಮೇಲೆ ಅದನ್ನು ಅವಳ ಮೇಲೆ ಹಾಕಬಲ್ಲವಳೇ. ಮತ್ತೆ ನಿನ್ನನ್ನು ಕೇಳುವುದಿಲ್ಲ. ನೀನು ಏನು ಬರೆದರೂ ನಾನು ಕಾಗದದ ಬೆನ್ನು ತಿರುಗಿಸಿ ನೋಡುತ್ತೇನೆ.

ದಿನಕ್ಕೆ ಎಷ್ಟು ಸಲವೋ ಆ ಬಾಗಿಲಿಗೆ ಬಂದು ನಿಲ್ಲುತ್ತಿದ್ದೇನೆ. ಕಿಟಕಿ, ಸ್ಟೂಲು, ಅರ್ಧ ಸಿಕ್ಕಿಸಿದ ಪರದೆ. ಹನ್ನೊಂದು ತಿಂಗಳ ಮೇಲೆ ಮಗ ಬಂದು ನಿಂತಿದ್ದಾನೆ, ಕೈ ತುಂಬ ಗ್ರೀಸ್. ಅವಳು ಬೆಚ್ಚಲಿಲ್ಲ, ಇಳಿಯಲಿಲ್ಲ, ಕೈಯನ್ನೂ ಕೆಳಗಿಳಿಸಲಿಲ್ಲ. ಸುಮ್ಮನೆ ನೋಡಿದಳು.

ಅಮ್ಮಾ, ಬಾಯಲ್ಲಿ ಕೊಕ್ಕೆ ಕಚ್ಚಿಕೊಂಡಿದ್ದಕ್ಕೆ ಸುಮ್ಮನಿದ್ದೆಯಾ, ಇಲ್ಲ ನಾನು ಬರುತ್ತೇನೆಂದು ನಿನಗೆ ಮೊದಲೇ ಗೊತ್ತಿತ್ತಾ?

ಅಣ್ಣ